ಏಣಿ ಗುರುತಿನ ಪೆಟ್ಟಿಗೆಯಲ್ಲಿ ಹಲ್ಲು

ಚುನಾವಣೆಯ ಕಾಯದೆ ಪುಸ್ತಕದಲ್ಲಿ ಹಲ್ಲಿನ ವಿಷಯ ಎಲ್ಲಿಯೂ ಬರುವುದಿಲ್ಲ. ನಾನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಹುಡುಕಿ ನೋಡಿದ್ದೇನೆ. ಲಂಚ ಬರುತ್ತದೆ, ಬೆದರಿಕೆ ಬರುತ್ತದೆ, ದೇವರ ಮೇಲೆ ಆಣೆ ಹಾಕಿಸುವುದು ಬರುತ್ತದೆ, ಮತದಾರರನ್ನು ಗಾಡಿಯಲ್ಲಿ ಹೇರಿಕೊಂಡು ಬರುವುದೂ ಬರುತ್ತದೆ. ಹಲ್ಲು ಬರುವುದಿಲ್ಲ. ಆದರೂ ಎರಡನೆಯ ಸಾರ್ವತ್ರಿಕ ಚುನಾವಣೆಯಲ್ಲಿ ನಾನು ಪಟ್ಟ ಪಾಡೆಲ್ಲ ಹಲ್ಲಿನದೇ.

ನಮ್ಮ ಅಭ್ಯರ್ಥಿ ಗಜೇಂದ್ರಗಡದ ಹಲ್ಲಿನ ಡಾಕ್ಟರು. ಸೀರೆ ನೇಯುವವರ ಮನೆಯಲ್ಲಿ ಹುಟ್ಟಿ, ಮುಂಬಯಿಗೆ ಹೋಗಿ ಹಲ್ಲಿನ ವಿದ್ಯೆ ಕಲಿತು, ಮರಳಿ ಬಂದು ಊರ ಪೇಟೆಯಲ್ಲೇ ದವಾಖಾನೆ ತೆರೆದವರು. ರೋಣ, ನರಗುಂದ, ಗಜೇಂದ್ರಗಡ ಈ ಇಡೀ ಸೀಮೆಗೆ ಹಲ್ಲಿನ ಡಾಕ್ಟರೆಂದರೆ ಅವರೊಬ್ಬರೇ. ಯಾವ ಪಕ್ಷಕ್ಕೂ ಸೇರದೆ ಲೋಕಸಭೆಗೆ ನಿಂತಿದ್ದರು. ನಾನು ಅವರ ಚುನಾವಣಾ ಏಜಂಟ. ಅವರ ಮೇಲೆ ನನಗೆ ಭಕ್ತಿ ಇತ್ತೆಂದು ಯಾರೂ ತಿಳಿಯಬಾರದು. ವೃತ್ತಿಯಿಂದ ವಕೀಲನಾದರೂ ಧಾರವಾಡದ ಕಾಲೇಜಿನ ಚರ್ಚಾಕೂಟದಲ್ಲಿ ಬೆಳೆದವನು ನಾನು. ಅಲ್ಲಿ ಚೀಟಿ ಎತ್ತಿ ಯಾವ ಕಡೆ ಬಂತೋ ಆ ಕಡೆಗೆ ವಾದಿಸುತ್ತಿದ್ದೆವು. ಇಲ್ಲಿ ಡಾಕ್ಟರ ಚೀಟಿ ಬಂದಿತ್ತು, ಅಷ್ಟೇ.

ಮೊದಲ ದಿನವೇ ಕೇಳಿದೆ. "ಡಾಕ್ಟರ್ರ, ದಿಲ್ಲಿಗೆ ಯಾಕ ಹೊಂಟೀರಿ?"

"ಮಳಿಗಾಲದಾಗ ಕೊಣ್ಣೂರ ಸೇತುವಿ ಮುಳುಗತೈತಿ. ಗಜೇಂದ್ರಗಡದಾಗ ನೂಲಿನ ಧಾರಣಿ ಏರತೈತಿ. ಇಲ್ಲಿ ಕುಂತು ಎಷ್ಟ ಮಂದಿ ಬಾಯಿ ನೋಡಿದ್ರೂ ಇವೆರಡೂ ವಾಸಿ ಆಗೂದಿಲ್ಲ."

"ಇದು ವಾದ ಅಲ್ರಿ. ಫಿರ್ಯಾದಿ."

"ಹಂಗಾರ ವಾದಾ ನೀ ಮಾಡು ತಮ್ಮಾ. ನಾ ಹಲ್ಲು ಕೀಳತೀನಿ."

ನಮ್ಮ ಪ್ರಚಾರವೆಂದರೆ ಅಕ್ಷರಶಃ ಇದೇ ಆಯಿತು. ವರ್ಷಗಳಿಂದಲೂ ಡಾಕ್ಟರು ಸಂತೆಯ ದಿನ ಹಳ್ಳಿಗಳಿಗೆ ಹೋಗಿ ಪುಕ್ಕಟೆಯಾಗಿ ಹಲ್ಲು ಕೀಳುತ್ತಿದ್ದರು. ಚುನಾವಣೆ ಬಂತೆಂದು ಅದನ್ನು ಬಿಡಲು ಅವರು ಒಪ್ಪಲಿಲ್ಲ. ಬೇವಿನ ಗಿಡದ ಕೆಳಗೆ ಮಡಚುವ ಕುರ್ಚಿ ಹಾಕುವುದು. ಸ್ಪಿರಿಟ್ ಸ್ಟೋವಿನ ಮೇಲೆ ಡಬ್ಬಿಯಲ್ಲಿ ಇಕ್ಕಳಗಳು ಕುದಿಯುವುದು. ವಸಡಿಗೆ ಸೂಜಿಮದ್ದು ಕೊಟ್ಟು ಡಾಕ್ಟರು "ತುಟಿ ದಪ್ಪ ಆತೇನು?" ಎಂದು ಕೇಳುವುದು, ರೋಗಿ "ಕುಂಬಳಕಾಯಿ ಆಗೇತ್ರಿ" ಎನ್ನುವುದು. ಹಲ್ಲನ್ನು ಎಳೆದು ಕೀಳುವುದಿಲ್ಲ ಎಂದು ಆಗಲೇ ನನಗೆ ಗೊತ್ತಾದದ್ದು. ಒಳಗೆ ಹೊರಗೆ ಅಲುಗಿಸಿ, ಸ್ವಲ್ಪ ತಿರುಗಿಸಿ, ಅದು ತಾನಾಗಿ ಬರುವಂತೆ ಮಾಡಬೇಕು. ಆಮೇಲೆ ಹತ್ತಿಯ ಉಂಡೆ ಕಚ್ಚಿಸಿ ಜಗಲಿಯ ಮೇಲೆ ಕೂಡಿಸುವುದು. ಹಾಗೆ ಕೂತವರಿಗೆ ನನ್ನ ಭಾಷಣ.

ಅಂಥ ಸಭಿಕರು ಯಾವ ಭಾಷಣಕಾರನಿಗೂ ಸಿಗಲಾರರು. ಬಾಯಲ್ಲಿ ಹತ್ತಿ ಇರುವುದರಿಂದ ಅಡ್ಡಪ್ರಶ್ನೆ ಇಲ್ಲ. ಎದ್ದು ಹೋಗುವಂತಿಲ್ಲ. ಚಪ್ಪಾಳೆಯೂ ಇಲ್ಲ ಎನ್ನಿ, ಯಾಕೆಂದರೆ ಕೈ ಕೆನ್ನೆಯ ಮೇಲಿರುತ್ತದೆ.

ಎದುರಾಳಿ ನರಗುಂದದ ಒಬ್ಬ ದೊಡ್ಡ ಜಮೀನುದಾರರು. ಅವರು ಹೆಚ್ಚು ಹೊರಗೆ ಬರುತ್ತಿರಲಿಲ್ಲ. ಕೆಲಸವನ್ನೆಲ್ಲ ನೋಡುತ್ತಿದ್ದವರು ಅವರ ಏಜಂಟರು. ನರಗುಂದದಲ್ಲೇ ಹತ್ತಿಯ ದಲಾಲಿ ಮಾಡುವ ಅಡತಿ ಅಂಗಡಿ ಇಟ್ಟವರು. ಎಲ್ಲರೂ ಅವರನ್ನು ಅಡತಿಯವರು ಎಂದೇ ಕರೆಯುತ್ತಿದ್ದರು. ದಪ್ಪ ಮೀಸೆ, ದಪ್ಪ ಧ್ವನಿ. ಪುಕ್ಕಟೆ ಹಲ್ಲು ಕೀಳುವುದು ಮತದಾರರಿಗೆ ಕೊಡುವ ಲಂಚ ಎಂದು ಅವರು ತಕರಾರು ತೆಗೆದರು. ನಾನು ಇದಕ್ಕೇ ಕಾದಿದ್ದೆ. ರೋಣದ ಬಜಾರಿನಲ್ಲಿ ನಿಂತು ಉತ್ತರ ಕೊಟ್ಟೆ. ಲಂಚವೆಂದರೆ ಕೊಡುವುದು. ನಮ್ಮ ಡಾಕ್ಟರು ಏನು ಕೊಡುತ್ತಾರೆ? ಏನೂ ಇಲ್ಲ. ಅವರು ಬರೀ ತೆಗೆದುಕೊಳ್ಳುತ್ತಾರೆ. ಮತದಾರನಿಂದ ಒಂದು ವಸ್ತುವನ್ನು ತೆಗೆದುಕೊಂಡು ಅವನಿಗೇ ನೋವು ಕೊಡುವುದು ಯಾವ ಸೀಮೆಯ ಲಂಚ?

ಜನ ನಕ್ಕರು. ನಾನು ಗೆದ್ದೆನೆಂದುಕೊಂಡೆ.

ಅಡತಿಯವರು ವಾರದೊಳಗೆ ಆ ಮಾತನ್ನೇ ಎತ್ತಿಕೊಂಡು ಊರೂರು ತಿರುಗಿದರು. "ವಕೀಲ ಖರೇ ಹೇಳ್ಯಾನ. ತಗೋತಾರ! ಯಾಕ ತಗೋತಾರ ಕೇಳ್ರಿ. ನಿಮ್ಮ ಹಲ್ಲೆಲ್ಲಾ ಎಲ್ಲಿ ಹೋಗತಾವು? ಮುಂಬಯಿಗೆ ಹೋಗಿ ಸಾಹೇಬರ ಬಾಯಾಗ ಕಟ್ಟುಹಲ್ಲು ಆಗತಾವು. ಇಲ್ಲಾ, ಅವನ್ನ ಮುಂದಿಟಗೊಂಡು ಮಾಟಾ ಮಾಡಿ ನಿಮ್ಮ ಮನಸ್ಸು ಕಟ್ಟಿ ಓಟು ಕಸಗೋತಾರ!"

ಮುಂದಿನ ಸಂತೆಗೆ ಕೊಣ್ಣೂರಿಗೆ ಹೋದಾಗ ಕುರ್ಚಿ ಖಾಲಿ. ದೂರದಲ್ಲಿ ಕೆನ್ನೆ ಊದಿದವರು ನಿಂತಿದ್ದಾರೆ, ಹತ್ತಿರ ಬರುವುದಿಲ್ಲ. ನೋವು ಒಂದು ಕಡೆ ಎಳೆಯುತ್ತದೆ, ಮಾಟದ ಅಂಜಿಕೆ ಇನ್ನೊಂದು ಕಡೆ. ಡಾಕ್ಟರಿಗೆ ಮತ ಕೈತಪ್ಪಿದ್ದಕ್ಕಿಂತ ಆ ಊದಿದ ಕೆನ್ನೆಗಳನ್ನು ನೋಡಿಯೇ ಕಳವಳವಾಯಿತು.

"ನಿನ್ನ ವಾದದಿಂದ ಆ ಮುದುಕನ ವಸಡು ಕೀವು ತುಂಬೇತಿ ನೋಡು," ಎಂದರು.

ಅಲ್ಲೇ ಒಂದು ನಿರ್ಧಾರ ಮಾಡಿದೆ. ಅದು ನನ್ನದೇ, ಯಾರ ಸಲಹೆಯೂ ಅಲ್ಲ. ಇನ್ನು ಮುಂದೆ ಕಿತ್ತ ಹಲ್ಲನ್ನೆಲ್ಲ ತೊಳೆದು, ಕಾಗದದಲ್ಲಿ ಸುತ್ತಿ, ಅದರ ಯಜಮಾನರ ಕೈಯಲ್ಲಿಡುವುದು. "ನಿಮ್ಮ ಹಲ್ಲು, ನಿಮ್ಮ ಕೈಯಾಗ. ಡಾಕ್ಟರು ಒಂದ ಚೂರೂ ಇಟಗೊಂಡಿಲ್ಲ" ಎಂದು ಗಟ್ಟಿಯಾಗಿ ಹೇಳುವುದು. ಸಾಲು ಮತ್ತೆ ಬೆಳೆಯಿತು. ಈ ಉಪಾಯಕ್ಕೆ ನಾನೇ ನನ್ನ ಬೆನ್ನು ಚಪ್ಪರಿಸಿಕೊಂಡೆ.

ಒಂದನ್ನು ಮಾತ್ರ ಯೋಚಿಸಿರಲಿಲ್ಲ. ನಮ್ಮ ಕಡೆ ಹಲ್ಲನ್ನು ಕಂಡಕಂಡಲ್ಲಿ ಎಸೆಯುವುದಿಲ್ಲ. ಮಕ್ಕಳ ಹಾಲುಹಲ್ಲಾದರೆ ಸಗಣಿಯಲ್ಲಿಟ್ಟು ಮಾಳಿಗೆಯ ಮೇಲೆ ಒಗೆಯುತ್ತಾರೆ, ಹೊಸದು ಬರಲೆಂದು. ಮುದುಕರ ಹಲ್ಲಿಗೆ ಹಾಗೆ ರೂಢಿಯಿಲ್ಲ, ಹೊಸದು ಬರುವ ಮಾತೂ ಇಲ್ಲ. ಹೀಗಾಗಿ ನಾನು ಕೊಟ್ಟ ಪೊಟ್ಟಣಗಳು ಸೆರಗಿನ ಗಂಟಿನಲ್ಲಿ, ಗೋಡೆಯ ಮಾಡದಲ್ಲಿ, ಎಲೆಅಡಿಕೆಯ ಚೀಲದಲ್ಲಿ ಹಾಗೇ ಉಳಿದವು.

ಮತದಾನ ಹತ್ತಿರ ಬಂದಾಗ ಮೆಣಸಗಿಯಲ್ಲಿ ನಾನು ಮತ ಹಾಕುವ ಕ್ರಮ ವಿವರಿಸುತ್ತಿದ್ದೆ. ನಿಮಗೊಂದು ಚೀಟಿ ಕೊಡುತ್ತಾರೆ. ಅದರ ಮೇಲೆ ಏನೂ ಬರೆಯಬಾರದು. ಪರದೆಯ ಹಿಂದೆ ಹೋದರೆ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ ಇರುತ್ತದೆ. ಏಣಿಯ ಚಿತ್ರ ಇದ್ದದ್ದು ಡಾಕ್ಟರದು, ಹೂಜಿಯ ಚಿತ್ರ ಇದ್ದದ್ದು ಎದುರಿನವರದು. ಯಾರು ಯಾವುದಕ್ಕೆ ಹಾಕಿದರು ಎಂಬುದು ಸರಕಾರಕ್ಕೂ ತಿಳಿಯುವುದಿಲ್ಲ, ಡಾಕ್ಟರಿಗೂ ತಿಳಿಯುವುದಿಲ್ಲ.

ಒಬ್ಬ ಅಜ್ಜಿ ಬಾಯಿಂದ ಹತ್ತಿ ತೆಗೆದಳು. "ಡಾಕ್ಟರಗೂ ಗೊತ್ತಾಗಂಗಿಲ್ಲನು?"

"ಇಲ್ಲ ಅಜ್ಜಿ. ಅದ ಗುಪ್ತ ಮತದಾನ."

"ಹಂಗಾರ ನಾ ಹಾಕಿದ್ರೂ ಅಷ್ಟ, ಈ ಮಗ್ಗಲಮನಿಯಾಕಿ ಹಾಕದಿದ್ರೂ ಅಷ್ಟ?"

"ನಾ ಹಾಕತೀನಿ ಅಂತ ಆಣಿ ಮಾಡೀನಲ್ಲಬೇ!" ಎಂದಳು ಮಗ್ಗಲಮನೆಯಾಕೆ.

"ನಿನ್ನ ಆಣಿ ನನಗ ಗೊತ್ತಿಲ್ಲನು? ನೋಡು ಯಪ್ಪಾ, ಈ ಪುಣ್ಯಾತ್ಮ ನನಗ ರೊಟ್ಟಿ ತಿನ್ನೂವಂಗ ಮಾಡ್ಯಾನ. ಅಂಥವಗ ಓಟು ಹಾಕಿ ಮುಖಾ ತೋರಿಸದ ಬಾ ಅಂತೀಯಲ್ಲ, ಇದ್ಯಾವ ರೀತಿ?"

"ಯಾರ ಅಂಜಿಕಿನೂ ಇರಬಾರದು ಅಂತ ಕಾಯ್ದೆ ಮಾಡ್ಯಾರ ಅಜ್ಜಿ."

"ನನಗ್ಯಾರ ಅಂಜಿಕಿ?"

ನಾನು ಗುಪ್ತ ಮತದಾನದ ಹಿರಿಮೆಯನ್ನು ಮೂರು ಅಂಶಗಳಲ್ಲಿ ಮಂಡಿಸಿದೆ. ಎಲ್ಲ ಹೆಂಗಸರೂ ತಲೆಯಾಡಿಸಿದರು. ಚರ್ಚಾಕೂಟದಲ್ಲಿ ತಲೆಯಾಡಿಸಿದರೆ ಒಪ್ಪಿದರೆಂದು ಅರ್ಥ. ಮೆಣಸಗಿಯಲ್ಲಿ ಅದರ ಅರ್ಥ, ನೀನು ಹೇಳಿದ್ದು ಕೇಳಿಸಿತು, ನಾವು ಮಾಡುವುದನ್ನು ಮಾಡುತ್ತೇವೆ ಎಂದು. ಆ ಅಜ್ಜಿಯ ಪ್ರಶ್ನೆ ಸಂತೆಯಿಂದ ಸಂತೆಗೆ, ಹೊಳೆಆಲೂರಿನ ರೈಲಿನಿಂದ ಬೀಗರ ಮನೆಗೆ ಎಲ್ಲ ಕಡೆ ಹೋಯಿತು. ಅದರ ಜೊತೆಗೆ ಒಂದು ಉತ್ತರವೂ ಹೋಯಿತು. ಆ ಉತ್ತರ ನನಗೆ ಮಾತ್ರ ತಲುಪಲಿಲ್ಲ.

ಎಣಿಕೆ ನಡೆದದ್ದು ರೋಣದ ಶಾಲೆಯ ದೊಡ್ಡ ಕೋಣೆಯಲ್ಲಿ. ಚುನಾವಣಾ ಅಧಿಕಾರಿ ಹೊಸ ರಾಜ್ಯವಾದ ಮೇಲೆ ಮೈಸೂರು ಕಡೆಯಿಂದ ವರ್ಗವಾಗಿ ಬಂದವರು. ಇಸ್ತ್ರಿ ಮಾಡಿದ ಕೋಟು, ಇಸ್ತ್ರಿ ಮಾಡಿದ ಮಾತು. ಪೆಟ್ಟಿಗೆ ತಂದಿಡುವುದು, ಅರಗಿನ ಮುದ್ರೆ ಸರಿಯಿದೆಯೆಂದು ಎರಡೂ ಕಡೆಯವರಿಗೆ ತೋರಿಸುವುದು, ಒಡೆದು ಮೇಜಿನ ಮೇಲೆ ಸುರಿಯುವುದು, ಚೀಟಿ ಬಿಡಿಸಿ ಕಟ್ಟು ಕಟ್ಟುವುದು. ಬೆಳಗಿನಿಂದ ಸೊಗಸಾಗಿ ನಡೆದಿತ್ತು. ಒಮ್ಮೆ ನಾವು ಮುಂದೆ, ಒಮ್ಮೆ ಅವರು.

ಮೆಣಸಗಿಯ ಏಣಿ ಪೆಟ್ಟಿಗೆಯನ್ನು ಸುರಿದಾಗ ಮೇಜಿನ ಮೇಲೆ ಟಕಟಕ ಎಂದು ಶಬ್ದವಾಯಿತು.

"ಏನ್ರೀ ಅದು?" ಎಂದರು ಅಧಿಕಾರಿ.

ಗುಮಾಸ್ತ ಬಗ್ಗಿ ನೋಡಿದ. "ಹಲ್ಲು ಸಾರ್."

"ಹಲ್ಲಾ? ಯಾರದು?"

ಕಾಯದೆ ಯಾವ ಪ್ರಶ್ನೆಯನ್ನು ಯಾರೂ ಕೇಳಬಾರದೆನ್ನುತ್ತದೋ ಅದನ್ನೇ ಅಧಿಕಾರಿ ಕೇಳಿಬಿಟ್ಟಿದ್ದರು. ಚೀಟಿಗಳನ್ನು ಹಲ್ಲಿಗೆ ಸುತ್ತಿ, ಮಗ್ಗದ ನೂಲಿನಿಂದ ಬಿಗಿದು ಕಟ್ಟಿದ್ದರು. ಬೇರೆ ಊರಿನ ಪೆಟ್ಟಿಗೆಗಳಲ್ಲೂ ಸಿಕ್ಕವು. ಕೊಣ್ಣೂರಿನಲ್ಲಿ ಸಿಕ್ಕವು, ನರಗುಂದದಲ್ಲೂ ಸಿಕ್ಕವು. ಎಲ್ಲವೂ ಮುಂದಿನ ಸಣ್ಣ ಹಲ್ಲುಗಳು. ಪೆಟ್ಟಿಗೆಯ ಸೀಳಿನಲ್ಲಿ ದವಡೆಹಲ್ಲು ಹಿಡಿಸುವುದಿಲ್ಲ. ಅವನ್ನು ಪಾಪ, ಪೆಟ್ಟಿಗೆಯ ಮೇಲೆಯೇ ಇಟ್ಟು ಬಂದಿದ್ದರಂತೆ, ಮತಗಟ್ಟೆಯವರು ಗುಡಿಸಿ ಒಗೆದರಂತೆ.

ಅಧಿಕಾರಿ ಹಲ್ಲುಗಳನ್ನು ಒಂದು ತಟ್ಟೆಯಲ್ಲಿ ಹಾಕಿಸಿ, ಯಾವುದು ಯಾವ ಪೆಟ್ಟಿಗೆಯದೆಂದು ಗುರುತು ಮಾಡಿಸಿ, ಸುತ್ತಿದ್ದ ಚೀಟಿಗಳನ್ನು ಬೇರೆ ಇಡಿಸಿದರು. ಉಳಿದದ್ದೆಲ್ಲ ಎಣಿಸಿ ಮುಗಿಯಿತು. ಡಾಕ್ಟರು ಕೂದಲೆಳೆಯಷ್ಟು ಹಿಂದೆ. ಹಲ್ಲಿನ ಚೀಟಿ ಲೆಕ್ಕಕ್ಕೆ ಹಿಡಿದರೆ ಡಾಕ್ಟರು ದಿಲ್ಲಿಗೆ, ಬಿಟ್ಟರೆ ದವಾಖಾನೆಗೆ.

ಅಡತಿಯವರು ಎದ್ದರು. ಹೆಗಲ ಮೇಲಿನ ವಸ್ತ್ರದ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ಮಾತಾಡುವುದನ್ನು ಅವರು ಈಚೆಗೆ ರೂಢಿ ಮಾಡಿಕೊಂಡಿದ್ದರು. ದೊಡ್ಡಸ್ತಿಕೆಯೆಂದು ನಾನು ತಿಳಿದಿದ್ದೆ.

"ಸಾಹೇಬ್ರ, ಚೀಟಿ ಮ್ಯಾಲೆ ಗುರುತು ಇದ್ರ ಓಟು ರದ್ದು. ಹಾಕಿದವರು ಯಾರಂತ ತಿಳೀಲಿ ಅಂತನ ಹಲ್ಲು ಕಟ್ಯಾರ. ಇದಕ್ಕಿಂತ ದೊಡ್ಡ ಗುರುತು ಯಾವುದೈತ್ರಿ?"

ವಾದ ಸರಿಯಾಗಿತ್ತು. ಸರಿಯಾದ ವಾದವನ್ನು ಎದುರಿಸುವುದರಲ್ಲೇ ಅಲ್ಲವೇ ನಮ್ಮ ತರಬೇತಿ? ಎದ್ದೆ. ಗುರುತು ಎಂದರೆ ಅದನ್ನು ನೋಡಿ ಮತದಾರ ಯಾರೆಂದು ಹೇಳಲು ಬರಬೇಕು. ಬೆರಳಚ್ಚು ಗುರುತು, ಸಹಿ ಗುರುತು. ಹಲ್ಲು ಏನು? ಎಲ್ಲರ ಬಾಯಲ್ಲೂ ಇರುವುದು ಒಂದೇ ಬಿಳಿ ಚೂರು. ಮೇಜಿಗೆ ಗುದ್ದಿ ಕೇಳಿದೆ. "ಸಾರ್, ಈ ತಟ್ಟೆ ನೋಡಿ ಇದು ಇಂಥವರದು ಅಂತ ಹೇಳಬಲ್ಲವರು ಈ ಭೂಮಿ ಮೇಲೆ ಯಾರಿದ್ದಾರೆ? ಒಬ್ಬರು! ಒಬ್ಬರನ್ನು ತೋರಿಸಲಿ!"

"ನಾ ಹೇಳಬಲ್ಲೆ," ಎಂದು ಹಿಂದಿನಿಂದ ಧ್ವನಿ ಬಂತು.

ಡಾಕ್ಟರು.

ನಾನು ಅವರ ತೋಳು ಹಿಡಿದು ಕಿಟಕಿಯ ಬಳಿ ಎಳೆದೆ. "ಏನ್ ಮಾಡಾಕತ್ತೀರಿ? ಗೊತ್ತಿಲ್ಲ ಅನ್ರಿ. ಎರಡ ಮಾತು!"

"ನನ್ನ ಕೈಲೆ ಕಿತ್ತ ಹಲ್ಲು. ಗೊತ್ತಿಲ್ಲ ಅಂತ ಹ್ಯಾಂಗ ಅನ್ನಲಿ?"

"ಡಾಕ್ಟರ್ರ, ಸೋಲತೀರಿ."

"ಸೋತರ ಸೋಲೂಣು. ಇವ ಹಲ್ಲಿನ ಡಾಕ್ಟರ ಆಗಿ ಹಲ್ಲು ಗುರುತಾ ಹಿಡೀಲಿಲ್ಲ ಅಂತ ನಾಳೆ ಮಂದಿ ಅನ್ನಬಾರದು ನೋಡು."

ನಾನು ಹೋಗಿ ಕುರ್ಚಿಯಲ್ಲಿ ಕೂತೆ. ಅಡತಿಯವರ ಮೀಸೆ ವಸ್ತ್ರದ ಹಿಂದೆಯೇ ಹಿಗ್ಗಿತು. ಡಾಕ್ಟರು ಚಸ್ಮಾ ಏರಿಸಿ ತಟ್ಟೆಯನ್ನು ಬೆಳಕಿಗೆ ಹಿಡಿದರು. ಚುನಾವಣೆ ಎಂಬುದು ಅವರ ಮನಸ್ಸಿನಿಂದ ಹೋಗಿಬಿಟ್ಟಿತೆಂದು ಮುಖ ನೋಡಿದರೆ ತಿಳಿಯುತ್ತಿತ್ತು. "ಆಹಾ, ಬೇರು ಹ್ಯಾಂಗ ಬಗ್ಗೇತಿ ನೋಡ್ರಿ... ಇದು ಭಾಳ ಕಾಡಿತ್ತು... ಇದು ಹುಳುಕ ಅಲ್ಲ, ಹೊಗಿಸೊಪ್ಪಿನ ಕರಿ..."

"ಡಾಕ್ಟರೇ, ಯಾರದೆಂದು ಹೇಳಿ," ಎಂದರು ಅಧಿಕಾರಿ ಲೇಖನಿ ತೆಗೆದು.

"ಅದನ್ನ ಹೇಳಂಗಿಲ್ರಿ. ರೋಗಿ ಬಾಯಾಗಿಂದು ಹೊರಗ ಆಡೂದು ನಮ್ಮ ವಿದ್ಯಾದಾಗಿಲ್ಲ. ಅವರ ಒಪ್ಪಿಗಿ ಬೇಕು." ಅವರು ಒಂದು ಸಣ್ಣ ಹಲ್ಲನ್ನು ಎತ್ತಿದರು. "ಆದ್ರ ಇದೊಂದರ ಯಜಮಾನರು ಇದ ಕೋಣ್ಯಾಗ ಅದಾರ. ಅವರು ಹೂಂ ಅಂದ್ರ ಈಗ ಹೇಳತೀನಿ."

ಆಗ ಒಂದು ವಿಚಿತ್ರ ನಡೆಯಿತು. ಅಲ್ಲಿದ್ದ ಪ್ರತಿಯೊಬ್ಬರ ನಾಲಿಗೆಯೂ ಅವರವರ ಬಾಯೊಳಗೆ ಒಂದು ಸುತ್ತು ಹಾಕಿತು. ಗುಮಾಸ್ತರ ಕೆನ್ನೆಗಳು ಒಳಗಿನಿಂದ ಉಬ್ಬಿ ಉಬ್ಬಿ ಇಳಿದವು. ಬಾಗಿಲಲ್ಲಿದ್ದ ಪೋಲೀಸನದೂ ಉಬ್ಬಿತು. ಅಧಿಕಾರಿಯದೂ ಉಬ್ಬಿತು. ಉಬ್ಬದೆ ಉಳಿದದ್ದು ಒಂದೇ ಕೆನ್ನೆ. ಅದಕ್ಕೆ ಹುಡುಕುವ ಅಗತ್ಯವಿರಲಿಲ್ಲ. ಅದರ ಮೇಲೆ ವಸ್ತ್ರ ಇನ್ನೂ ಬಿಗಿಯಾಗಿ ಕೂತಿತು.

ನಾನು ನಿಧಾನವಾಗಿ ಎದ್ದೆ. "ಅಡತಿಯವರ, ನಿಮ್ಮ ಓಟು ಯಾವ ಊರಾಗ?"

"ನರಗುಂದದಾಗ. ಯಾಕ?"

"ಈ ಹಲ್ಲು ಯಾವ ಪೆಟ್ಟಿಗೆಯದು ಸಾರ್?"

ಗುಮಾಸ್ತ ನೋಡಿ ಹೇಳಿದ. "ನರಗುಂದ. ಏಣಿ."

"ಒಂದ ಸಲ ವಸ್ತ್ರ ತಗೀರಿ."

"ತಗಿಯಂಗಿಲ್ಲ. ಥಂಡಿ ಐತಿ."

ಹೊರಗೆ ಬಿಸಿಲು ಕಾದ ಹೆಂಚಾಗಿತ್ತು.

ಇಂಥ ಗಳಿಗೆ ಚರ್ಚಾಪಟುವಿನ ಆಯುಷ್ಯದಲ್ಲಿ ಒಂದೇ ಸಲ ಬರುತ್ತದೆ. ನಾನು ಅದನ್ನು ಅವಸರದಲ್ಲಿ ಹಾಳು ಮಾಡಲಿಲ್ಲ. "ಸಾರ್, ಎರಡೇ ದಾರಿ. ಹಲ್ಲು ನೋಡಿ ಮತದಾರ ಯಾರೆಂದು ತಿಳಿಯುತ್ತದೆ ಎಂದಾದರೆ, ಹೂಜಿಯ ಏಜಂಟರು ತಾವೇ ಏಣಿಗೆ ಓಟು ಹಾಕಿದ್ದಾರೆ. ಹಾಗಲ್ಲ, ಅವರು ಹಾಕಿಲ್ಲ ಎಂದಾದರೆ, ಹಲ್ಲು ನೋಡಿ ಮತದಾರ ಯಾರೆಂದು ತಿಳಿಯುವುದಿಲ್ಲ. ಅವರಿಗೆ ಯಾವುದು ಬೇಕೋ ಅದನ್ನು ಆರಿಸಿಕೊಳ್ಳಲಿ."

ಅಡತಿಯವರು ವಸ್ತ್ರ ಕೆಳಗೆ ಒಗೆದರು. ಮೀಸೆಯ ಅಡಿಯಲ್ಲಿ, ಕೋರೆಹಲ್ಲಿನ ಪಕ್ಕ, ಒಂದು ಕಿಂಡಿ ಎಲ್ಲರಿಗೂ ಕಂಡಿತು.

"ನಾ ಹಾಕಿಲ್ಲೋ ಮಾರಾಯಾ! ಮನ್ಯಾಗ ಅವ್ವನ ಕೈಯಾಗ ಕೊಟ್ಟಿದ್ದೆ. ಎಲ್ಲೆರ ಒಗದಬಿಡು ಅಂತ ಹೇಳಿದ್ದೆ!"

"ಒಗದಾರಲ್ರಿ," ಎಂದರು ಡಾಕ್ಟರು. ಅವರ ದನಿಯಲ್ಲಿ ಕುಚೋದ್ಯ ಇರಲಿಲ್ಲ. ಅದಕ್ಕೇ ಪೋಲೀಸನಿಗೂ ನಗು ತಡೆಯಲಾಗಲಿಲ್ಲ.

ಅಧಿಕಾರಿ ಮಾತ್ರ ನಗದೆ ಬರೆದರು. ಹಲ್ಲಿನ ಯಜಮಾನರೂ ಮತದ ಯಜಮಾನರೂ ಬೇರೆ ಬೇರೆ ಇರಬಹುದೆಂದು ತಕರಾರು ಮಾಡಿದವರೇ ಒಪ್ಪಿದ್ದಾರೆ, ಆದ್ದರಿಂದ ಹಲ್ಲು ಗುರುತಲ್ಲ, ಚೀಟಿಗಳು ಊರ್ಜಿತ. ಡಾಕ್ಟರು ಗೆದ್ದರು. ಹಲ್ಲುಗಳನ್ನು ಚೀಟಿಗಳ ಜೊತೆಗೇ ಚೀಲದಲ್ಲಿ ಹಾಕಿ ಅರಗಿನ ಮುದ್ರೆ ಒತ್ತಿದರು. ಪೆಟ್ಟಿಗೆಯಲ್ಲಿ ಸಿಕ್ಕಿದ್ದೆಲ್ಲ ಸರಕಾರದ ವಶಕ್ಕೆ ಹೋಗಬೇಕಂತೆ.

ಗೆದ್ದದ್ದು ನನ್ನ ವಾದವೆಂದು ನಾನು ಈಗಲೂ ಎಲ್ಲರಿಗೂ ಹೇಳುತ್ತೇನೆ. ಡಾಕ್ಟರು ಗೊತ್ತಿಲ್ಲ ಎಂದಿದ್ದರೆ ಆ ವಾದ ಹುಟ್ಟುತ್ತಲೇ ಇರಲಿಲ್ಲ ಎಂಬುದನ್ನು ಯಾರಾದರೂ ಕೇಳಿದರೆ ಮಾತ್ರ ಹೇಳುತ್ತೇನೆ.

ಹೊರಗೆ ಹಲಗೆ ಬಾರಿಸುವ ಸದ್ದು ಶುರುವಾಗಿತ್ತು. ಹಾರ ಹಿಡಿದ ಜನ ಶಾಲೆಯ ಅಂಗಳ ತುಂಬಿದ್ದರು. ಡಾಕ್ಟರು ಆ ಕಡೆ ಹೋಗದೆ ಅಡತಿಯವರ ಹತ್ತಿರ ಹೋದರು.

"ಬರ್ರಿ, ಗಾಯ ಮಾಯ್ತೇನು ನೋಡೂಣು. ಬೆಳಕಿಗೆ ಕುಂದರ್ರಿ."

ಅಡತಿಯವರು ಶಾಲೆಯ ಬೆಂಚಿನ ಮೇಲೆ ಕೂತು ಬಾಯಿ ತೆಗೆದರು. ಈಗ ಮುಚ್ಚಿಡಲು ಏನೂ ಉಳಿದಿರಲಿಲ್ಲ.

"ಮಾಯೇತಿ. ಆದ್ರ ಮಗ್ಗಲದ್ದೂ ಅಲಗಾಡಾಕತ್ತೈತಿ. ಅದನ್ನೂ ತಗೀಬೇಕು."

ಅಡತಿಯವರು ಡಾಕ್ಟರ ಕೈಯನ್ನು ಸರಿಸಿದರು. "ಯಾರು ತಗೀತಾರ್ರಿ? ನೀವು ದಿಲ್ಲಿಗೆ ಹೊಂಟೀರಿ. ಈ ಸೀಮಿಗೆಲ್ಲಾ ಒಬ್ಬ ಹಲ್ಲಿನ ಡಾಕ್ಟರ. ಅವನ್ನ ಎತ್ತಿ ದಿಲ್ಲ್ಯಾಗ ಕುಂದರಿಸಿ, ನಾವಿಲ್ಲಿ ದವಡಿ ಹಿಡಕೊಂಡು ಕುಂದರೂದೇನು?" ಆಮೇಲೆ ನನ್ನ ಕಡೆ ತಿರುಗಿದರು. "ಏನ್ ವಕೀಲಸಾಹೇಬ್ರ, ನಮ್ಮ ಸಾವಕಾರರ ಮ್ಯಾಲಿನ ಪ್ರೀತಿಗೆ ನಾ ಇಷ್ಟ ಬಡಿದಾಡಿದೆ ಅಂತ ತಿಳದಿದ್ರೇನು? ಈ ಮಗ್ಗಲದ ಹಲ್ಲಿಗೆ ಬಡಿದಾಡಿದೆ."

ಇಡೀ ಚುನಾವಣೆಯಲ್ಲಿ ನಮ್ಮ ವಿರುದ್ಧ ಬಂದ ಮಾತುಗಳಿಗೆಲ್ಲ ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ಇದಕ್ಕೆ ಇರಲಿಲ್ಲ. ಈ ಒಂದು ಮಾತನ್ನು ಅವರು ಸಂತೆಯಲ್ಲಿ ನಿಂತು ಹೇಳಿದ್ದರೆ ಹೂಜಿಯ ಪೆಟ್ಟಿಗೆ ತುಂಬಿ ಹರಿಯುತ್ತಿತ್ತು.

"ಮತ್ತ ಇದನ್ನ ಒಂದ ಭಾಷಣದಾಗೂ ಯಾಕ ಹೇಳಲಿಲ್ರಿ?"

"ಹ್ಯಾಂಗ ಹೇಳಲಿ? ಹಿತ್ತಲ ಬಾಗಿಲಿಂದ ಹೋಗಿ ಎದುರಿನವನ ಮುಂದ ಬಾಯಿ ತಗದೀನಿ ಅಂತ ಎಲ್ಲಾರಿಗೂ ಗೊತ್ತಾಗತಿರಲಿಲ್ಲನು?"

ಡಾಕ್ಟರು ನನ್ನನ್ನು ನೋಡಿದರು. "ಉತ್ತರಾ ಕೊಡು ತಮ್ಮಾ."

ನಾನು ನೆಲಕ್ಕೆ ಬಿದ್ದಿದ್ದ ವಸ್ತ್ರವನ್ನು ಎತ್ತಿ ಅಡತಿಯವರ ಹೆಗಲ ಮೇಲೆ ಹಾಕಿದೆ. ಡಾಕ್ಟರು ಕೋಟು ಬಿಚ್ಚಿ, ಮೋಟಾರಿನಿಂದ ಇಕ್ಕಳದ ಪೆಟ್ಟಿಗೆಯನ್ನೂ ಸ್ಟೋವನ್ನೂ ತರಿಸಿದರು. "ಹೊರಗಿನವರಿಗೆ ಸ್ವಲ್ಪ ತಡೀರಿ ಅಂತ ಹೇಳು."

ಮೆಟ್ಟಿಲ ಮೇಲೆ ನಿಂತು ಹೇಳಿದೆ. ದಿಲ್ಲಿಗೆ ಆರಿಸಿ ಬಂದವರು ಒಳಗೆ ಹಲ್ಲು ಕೀಳುತ್ತಿದ್ದಾರೆ, ಮುಗಿದ ಕೂಡಲೇ ಬರುತ್ತಾರೆ. ಜೈಕಾರ ನಿಂತಿತು. ಹಲಗೆಯೂ ನಿಂತಿತು. ತಾವು ಯಾರನ್ನು ಎಲ್ಲಿಗೆ ಕಳಿಸುತ್ತಿದ್ದೇವೆ ಎಂಬುದು ಆ ಅಂಗಳಕ್ಕೆ ಆಗಲೇ ಹೊಳೆದಿರಬೇಕು. ಮುಂದೆ ನಿಂತಿದ್ದ ಒಬ್ಬ ನೇಕಾರರು ತಮ್ಮ ಹಾರವನ್ನು ನನ್ನ ಕೈಗೆ ತೂಗುಹಾಕಿದರು.

"ಇದನ್ನ ಹಿಡೀರಿ ವಕೀಲರ. ಅವರು ರೈಲ ಹತ್ತೂದರೊಳಗ ನಂದೂ ಒಂದೈತಿ."

ಅವರ ಹಿಂದೆ ಇನ್ನೊಬ್ಬರು ಬಂದರು, ಅವರ ಹಿಂದೆ ಮತ್ತೊಬ್ಬರು. ಸಾಲು ಮೆಟ್ಟಿಲಿನಿಂದ ಶಾಲೆಯ ಗೇಟಿನವರೆಗೆ ಬೆಳೆಯಿತು. ನಾನು ಎರಡೂ ತೋಳಿನ ತುಂಬ ಹಾರ ಹೇರಿಕೊಂಡು ಬಾಗಿಲಲ್ಲಿ ನಿಂತು, ಒಬ್ಬೊಬ್ಬರನ್ನೇ ಒಳಗೆ ಬಿಡತೊಡಗಿದೆ.